ಪಂಪ್ ರೂಮಿನ ಸೀಲು

ಕಟ್ಟಡ ಕೈ ಬದಲಾಯಿಸುವ ದಿನ ಅದರೊಳಗೆ ಮನುಷ್ಯರು ಇರಬಾರದು. ಇಲಿ ಇರಬಹುದು, ಜಿರಳೆ ಇರಬಹುದು, ಬಾಗಿಲ ಚೌಕಟ್ಟಿನಲ್ಲಿ ಗೆದ್ದಲು ಇರಬಹುದು. ಮನುಷ್ಯರಿದ್ದರೆ ಬೆಲೆ ಬೀಳುತ್ತದೆ. ಇದನ್ನು ನೀರಮ್ಮನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಎರಡು ಸಲ ಮಾರಾಟವಾಗಿ, ಈಗ ಮೂರನೆಯ ಸಲಕ್ಕೆ ನಿಂತಿದ್ದ ಕಟ್ಟಡದಲ್ಲಿ ಬದುಕಿದವಳಿಗೆ ಅದು ಬೆನ್ನುಮೂಳೆಯಿಂದಲೇ ಗೊತ್ತಾಗಿತ್ತು.

ನೀರಮ್ಮ ಎನ್ನುವುದು ಅವಳ ಹೆಸರಲ್ಲ. ನಾಲ್ಕು ಮಹಡಿಗೂ ನೀರು ಏರಿಸುವವಳು, ಮೆಟ್ಟಿಲು ಗುಡಿಸುವವಳು, ಮೋರಿ ಕಟ್ಟಿಕೊಂಡರೆ ಕೈ ಹಾಕಿ ಬಿಡಿಸುವವಳು ಅವಳೇ. ನಲ್ಲಿ ನಿಂತರೆ ಮೇಲಿನಿಂದ "ನೀರಮ್ಮಾ" ಎಂದು ಕೂಗು ಬೀಳುತ್ತಿತ್ತು. ನೀರು ಸರಿಯಾಗಿ ಬರುತ್ತಿದ್ದರೆ ಅವಳು ಸತ್ತಿದ್ದಾಳೋ ಬದುಕಿದ್ದಾಳೋ ಎಂದು ಕೇಳುವವರಿರಲಿಲ್ಲ.

ಮದುವೆಯಾಗಿ ಅವಳು ಕಾಲಿಟ್ಟದ್ದೇ ಪಂಪ್ ರೂಮಿಗೆ. ಅದು ಮೆಟ್ಟಿಲ ಹಿಂದಿನ ಕೋಣೆ. ಮುಂದಿನ ಅರ್ಧದಲ್ಲಿ ಮೋಟರ್, ಬಾಗಿಲ ಪಕ್ಕದ ಗೋಡೆಯ ಮೇಲೆ ಅದನ್ನು ಹಾಕಿ ಆರಿಸುವ ಸ್ಟಾರ್ಟರ್, ವಾಲ್ವುಗಳು, ನೆಲದಲ್ಲಿ ನೀರು ತುಂಬುವ ಸಂಪಿನ ಮುಚ್ಚಳ. ನಡುವೆ ಒಂದು ತಗಡಿನ ಹಾಳೆ. ಹಿಂದಿನ ಅರ್ಧದಲ್ಲಿ ಮಂಚ, ಸ್ಟೌ, ಪಾತ್ರೆ ಇಡುವ ಹಲಗೆ. ಮೋಟರ್ ಓಡುವಾಗ ಹಲಗೆಯ ಮೇಲಿನ ಲೋಟಗಳು ತಾವೇ ನಡೆದುಕೊಂಡು ಅಂಚಿಗೆ ಬರುತ್ತಿದ್ದವು. ಗೋಡೆ ವರ್ಷವಿಡೀ ಬೆವರುತ್ತಿತ್ತು. ಆ ಒದ್ದೆ ನೆಲದಲ್ಲೇ ಜಾರಿ ಬಿದ್ದು ಅತ್ತೆ ಸೊಂಟ ಮುರಿದುಕೊಂಡಿದ್ದಳು. ಅಂದಿನಿಂದ ಮಂಚ ಹಿಡಿದಿದ್ದಳು. ಹಿಡಿದದ್ದು ಸೊಂಟ ಮಾತ್ರ. ನಾಲಿಗೆ ಎದ್ದು ಓಡಾಡಿಕೊಂಡೇ ಇತ್ತು.

ಈ ಕಟ್ಟಡ ಅದರ ಧಣಿಗಳಿಗೆ ಯಾವತ್ತೂ ಮನೆಯಲ್ಲ, ಹೂಡಿಕೆ. ಕೊಂಡವರು ವಾಸಕ್ಕೆ ಬರುತ್ತಿರಲಿಲ್ಲ. ಬೆಲೆ ಏರುವವರೆಗೆ ಇಟ್ಟುಕೊಂಡು ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ದಾಟಿಸುವ ದಿನಕ್ಕೆ ಕ್ಲೋಸಿಂಗ್ ಎಂದು ಹೆಸರು. ಅಂದು ಒಂದೇ ಮೇಜಿನ ಮೇಲೆ ಎಲ್ಲವೂ ತೀರಬೇಕು. ಹಣ ಆ ಕಡೆಯಿಂದ ಈ ಕಡೆಗೆ, ಕೀಲಿಕೈ ಈ ಕಡೆಯಿಂದ ಆ ಕಡೆಗೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಚಿಟಿಕೆಯಷ್ಟೂ ನಂಬಿಕೆ ಇರುವುದಿಲ್ಲ. ಹಾಗಾಗಿ ನಡುವೆ ವಕೀಲರು ಕೂತು ಎರಡನ್ನೂ ಹಿಡಿದುಕೊಂಡಿರುತ್ತಾರೆ. ಕೋಣೆಗಳೆಲ್ಲ ಖಾಲಿ ಎಂದು ಕೊಳ್ಳುವವರು ಒಪ್ಪಿದ ಮೇಲೇ ಕೈ ಬಿಚ್ಚುತ್ತಾರೆ.

ಪಂಪ್ ರೂಮಿನಲ್ಲಿ ಒಂದು ಸಂಸಾರವಿದೆ ಎಂದು ಮಾರುವವರಿಗೆಲ್ಲ ಗೊತ್ತಿತ್ತು. ಅದನ್ನು ಗೊತ್ತಿಲ್ಲದಂತೆ ಮಾಡುವುದಕ್ಕೇ ಒಬ್ಬ ಬ್ರೋಕರ್ ಇದ್ದ. ಎರಡು ಸಲ ಕಟ್ಟಡವನ್ನು ದಾಟಿಸಿದವನೂ ಅವನೇ. ಮೈಗೆ ಸೆಂಟು ಬಳಿದುಕೊಂಡು ಬರುತ್ತಿದ್ದ. ಅವನು ಗೇಟು ದಾಟುವ ಮುಂಚೆಯೇ ವಾಸನೆ ದಾಟುತ್ತಿತ್ತು. ಅತ್ತೆ ಅವನಿಗೆ ಸೆಂಟಪ್ಪ ಎಂದು ಹೆಸರಿಟ್ಟಿದ್ದಳು. ಕ್ಲೋಸಿಂಗಿನ ದಿನ ಸಂಸಾರವನ್ನು ಬಚ್ಚಿಡುವುದು ಅವನು ಹುಟ್ಟುಹಾಕಿದ ಪದ್ಧತಿ. ಹಾಸಿಗೆ ಸುತ್ತಿ, ಸ್ಟೌ ಹೊತ್ತು, ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಟೆರೇಸಿಗೆ ಏರಬೇಕು. ನೀರಿನ ಟ್ಯಾಂಕಿನ ಹಿಂದೆ ಉಸಿರು ಬಿಗಿ ಹಿಡಿದು ಕೂರಬೇಕು. ಹೊಸ ಧಣಿಯ ಕಾರು ಹೋದ ಮೇಲೆ ಇಳಿದು ಬಂದು ಮತ್ತೆ ಒಲೆ ಹಚ್ಚಬೇಕು. ಮೊದಲ ಸಲ ಹೊತ್ತವನು ನೀರಮ್ಮನ ಗಂಡ. ಎರಡನೆಯ ಸಲ ಹೊತ್ತವಳು ನೀರಮ್ಮ, ಯಾಕೆಂದರೆ ಅಷ್ಟು ಹೊತ್ತಿಗೆ ಗಂಡ ಇರಲಿಲ್ಲ.

ಎರಡನೆಯ ಕ್ಲೋಸಿಂಗಿಗೆ ಮುಂಚೆ ಸಂಪು ಹೊಸದರಂತೆ ಹೊಳೆಯಬೇಕು ಎಂದಿದ್ದ ಸೆಂಟಪ್ಪ. ನೀರು ಬಸಿದು, ಒಳಗೋಡೆಗೆ ಸೋರದಂತೆ ಬಳಿಯುವ ಕಪ್ಪು ಬಣ್ಣದ ಡಬ್ಬ ಕೊಟ್ಟು ಗಂಡನನ್ನು ಇಳಿಸಿದ. ಗಾಳಿಗೆ ಒಂದು ಫ್ಯಾನ್ ಇಡಿ ಎಂದದ್ದಕ್ಕೆ ನಕ್ಕ. ಬಣ್ಣದ ಹೊಗೆ ಗಾಳಿಯನ್ನೆಲ್ಲ ತಿಂದುಬಿಟ್ಟಿತು. ಗಂಡ ಮಲಗಿದವನಂತೆ ಬ್ರಷ್ ಹಿಡಿದೇ ಬಿದ್ದಿದ್ದ. ಪೊಲೀಸರು ಬಂದು ಯಾರಿವನು ಎಂದು ಕೇಳಿದಾಗ ಸೆಂಟಪ್ಪ ಹೇಳಿದ ಮಾತು ಇಷ್ಟೇ: "ಯಾರೋ ಸಾರ್. ಕೆಲ್ಸಕ್ಕೆ ಅಂತ ಹೊರಗಿನಿಂದ ಕರೆಸಿದ್ದು." ಆ ಕಟ್ಟಡದಲ್ಲೇ ಹುಟ್ಟಿದವನು. ಸತ್ತ ಮೇಲೆ ಹೊರಗಿನವನಾದ. ಆ ಮಾತನ್ನು ನೀರಮ್ಮ ಮರೆಯಲಿಲ್ಲ. ಆದರೂ ಆ ವಾರವೇ ಅತ್ತೆಯನ್ನು ಹೊತ್ತು ಟೆರೇಸಿಗೆ ಏರಿದಳು. ತಲೆಯ ಮೇಲೆ ಸೂರಿರಬೇಕಲ್ಲ.

ಈಗ ಮೂರನೆಯದು. ಈಗಿನ ಸಾಹುಕಾರ ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಬಾಡಿಗೆದಾರರನ್ನೆಲ್ಲ ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಕಟ್ಟಡವನ್ನು ಒಂದು ದೊಡ್ಡ ಕಂಪನಿಗೆ ಮಾರಲು ನಿಂತಿದ್ದ. ಜನ ಬಿಟ್ಟುಹೋದ ಹರಕು ಹಾಸಿಗೆ, ಒಡೆದ ಬಕೆಟ್ಟು, ಮಕ್ಕಳ ಒಂಟಿ ಚಪ್ಪಲಿ, ಎಲ್ಲವನ್ನೂ ಹೊತ್ತು ಹಾಕಿದವಳು ನೀರಮ್ಮ. ಆ ಕಂಪನಿಗೆ ಹಿಂದೆಲ್ಲೋ ಮೋಸವಾಗಿತ್ತಂತೆ. ಬೆಳಿಗ್ಗೆ ಖಾಲಿ ಎಂದು ನೋಡಿದ ಮನೆಗೆ ಸಂಜೆಯೊಳಗೆ ಯಾರೋ ಸಂಸಾರ ತಂದು ತುಂಬಿದ್ದರಂತೆ. ಅದಕ್ಕೆ ಕಂಪನಿ ಹೊಸ ಷರತ್ತು ಹಾಕಿತ್ತು. ಖಾಲಿ ಎಂದು ನೋಡಿದ ಬಾಗಿಲಿಗೆಲ್ಲ ಅಲ್ಲೇ ಸೀಲ್ ಬೀಳಬೇಕು. ಕ್ಲೋಸಿಂಗ್ ಮುಗಿದ ಮೇಲೆ ಎರಡೂ ಕಡೆಯವರು ಬಾಗಿಲ ಮುಂದೆ ನಿಂತೇ ಅದನ್ನು ಒಡೆಯಬೇಕು. ನಡುವೆ ಒಂದು ಸೀಲ್ ಒಡೆದರೂ ವ್ಯಾಪಾರ ಮುರಿದಂತೆ.

ಸೆಂಟಪ್ಪ ಬೆಳಿಗ್ಗೆಯೇ ಬಂದು ಪಂಪ್ ರೂಮಿನ ಬಾಗಿಲಲ್ಲಿ ನಿಂತ.

"ಈ ಸಲ ಟೆರೇಸ್ ಆಗಲ್ಲ. ಅದಕ್ಕೇ ಮೊದ್ಲು ಸೀಲ್ ಬೀಳೋದು."

"ಮತ್ತೆ ಅತ್ತೇನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ ಸಾರ್? ರಸ್ತೆಗಾ?"

"ರಸ್ತೇಲಿ ಕೂರಿಸಿದ್ರೆ ಕಂಪನಿ ಕಾರು ಬಂದು ಅವಳ ಮುಂದೇನೇ ನಿಲ್ಲುತ್ತೆ. ಬುದ್ಧಿ ಬೇಡ್ವಾ? ಇಲ್ಲೇ ಇರ್ಲಿ, ತಗಡಿನ ಹಿಂದೆ. ಮೋಟರ್ ಹಾಕ್ಬಿಡು. ಮೋಟರ್ ಓಡ್ತಿದ್ರೆ ಒಳಗೆ ಯಾರೂ ಕಾಲಿಡಲ್ಲ. ಬಾಗಿಲಲ್ಲೇ ಮೂಗು ಮುಚ್ಕೊಂಡು ನೋಡಿ ಹೋಗ್ತಾರೆ. ಮುದುಕಿ ಕೆಮ್ಮಿದ್ರೂ ಕೇಳ್ಸಲ್ಲ."

"ಆಮೇಲೆ ಸೀಲ್ ಹಾಕ್ತಾರಲ್ಲ?"

"ಹಾಕ್ಲಿ. ಒಂದೇ ಗಂಟೆ. ಕೂತ್ಕೋತಾರೆ, ಮುಗಿಸ್ತಾರೆ, ಬಂದು ತೆಗೀತಾರೆ. ನಾನಿಲ್ವಾ? ಕಂಪನಿ ಬಂದ್ಮೇಲೂ ನೀರು ಬಿಡೋಕೆ ಜನ ಬೇಕು ತಾನೆ? ಮೊದ್ಲಿನ ಹಾಗೇ ಇರ್ತೀಯ. ನನ್ನ ಮಾತು."

ತಗಡಿನ ಹಿಂದಿನಿಂದ ಅತ್ತೆಯ ದನಿ ಬಂತು. "ನನ್ನೇನು ಉಪ್ಪಿನಕಾಯಿ ಅಂದ್ಕೊಂಡಿದ್ದಾನೇನೇ ಸೆಂಟಪ್ಪ? ಮುಚ್ಚಳ ಹಾಕಿ ಸೀಲ್ ಮಾಡೋಕೆ?"

ಸೆಂಟಪ್ಪ ಕೇಳಿಸದವನಂತೆ ಹೊರಟುಹೋದ. ನೀರಮ್ಮ ಒಳಗೆ ಹೋಗಿ ಅತ್ತೆಯ ತಲೆದಿಂಬು ಸರಿಮಾಡಿದಳು. ಕುಡಿಯಲು ಒಂದು ಲೋಟ ನೀರು, ಎರಡು ಚೂರು ಬ್ರೆಡ್ಡು ಕೈಗೆಟುಕುವಲ್ಲಿ ಇಟ್ಟಳು.

"ಒಂದು ಗಂಟೆ ಅತ್ತೆ. ಸ್ವಲ್ಪ ಸಹಿಸ್ಕೊಳ್ಳಿ. ಆಮೇಲೆ ಎಲ್ಲಾ ಮೊದ್ಲಿನ ಹಾಗೇ."

"ಮೊದ್ಲಿನ ಹಾಗೇ ಅಂದ್ರೆ ಹೇಗೆ? ನನ್ನ ಮಗ ಎದ್ದು ಬರ್ತಾನಾ?"

ನೀರಮ್ಮ ತಗಡು ದಾಟಿ ಮುಂದೆ ಬಂದಳು. ಮೋಟರ್ ಹಾಕಿದಳು. ಮಾತು ಮುಳುಗಿಹೋಯಿತು.

ಕಂಪನಿಯವನು ಬಂದ. ವಯಸ್ಸು ಚಿಕ್ಕದು, ಶೂ ದೊಡ್ಡದು. ಜೊತೆಗೆ ವಕೀಲೆ, ಅವಳ ಗುಮಾಸ್ತ. ಗುಮಾಸ್ತನ ಹೆಗಲಲ್ಲಿ ಒಂದು ಚೀಲ. ಅದರಲ್ಲಿ ಬಿಳಿ ಪಟ್ಟಿ, ಅರಗಿನ ಕಡ್ಡಿ, ಮೇಣದಬತ್ತಿ, ಹಿತ್ತಾಳೆಯ ಮೊಹರು. ಅವನಿಗೆ ಬೆನ್ನುನೋವು, ಬಗ್ಗಿದಾಗಲೆಲ್ಲ ಯಾರನ್ನೋ ಬೈದುಕೊಳ್ಳುತ್ತಿದ್ದ. ಮೇಲಿನಿಂದ ಕೆಳಕ್ಕೆ ಇಳಿಯುತ್ತ ಒಂದೊಂದೇ ಮನೆ ನೋಡಿದರು. ನೋಡಿ ಮುಗಿದ ಬಾಗಿಲ ಮೇಲೆ ಗುಮಾಸ್ತ ಸೀಮೆಸುಣ್ಣದಲ್ಲಿ 'ಖಾಲಿ' ಎಂದು ಬರೆಯುತ್ತಿದ್ದ. ಆಮೇಲೆ ಬಾಗಿಲಿಗೂ ಚೌಕಟ್ಟಿಗೂ ಅಡ್ಡ ಪಟ್ಟಿ ಎಳೆದು, ಅರಗು ತೊಟ್ಟಿಕ್ಕಿಸಿ, ಮೊಹರು ಒತ್ತುತ್ತಿದ್ದ. ಮೂರನೇ ಮಹಡಿಯ ಒಂದು ದೊಡ್ಡ ಹಾಲ್‌ನ ಬಾಗಿಲಿಗೆ ಮಾತ್ರ ಖಾಲಿ ಎಂದು ಬರೆದು ಸೀಲ್ ಹಾಕದೆ ಬಿಟ್ಟರು. ಮೇಜು, ಕುರ್ಚಿ ಹಾಕಿ ಕ್ಲೋಸಿಂಗಿಗೆ ಕೂರುವುದು ಅಲ್ಲಿ. ಸಾಹುಕಾರ ಆಗಲೇ ಬಂದು ಅಲ್ಲಿ ಕೂತಿದ್ದ.

ಅರಗು ಕರಗಿಸುವಾಗ ಮೇಣದಬತ್ತಿ ಹಿಡಿಯಲು ಒಂದು ಕೈ ಬೇಕಿತ್ತು. ಗುಮಾಸ್ತ ಮೆಟ್ಟಿಲು ಒರೆಸುತ್ತಿದ್ದ ನೀರಮ್ಮನನ್ನು ಕರೆದ. ಬಾಗಿಲಿಂದ ಬಾಗಿಲಿಗೆ ಅವಳು ಬತ್ತಿ ಹಿಡಿದು ನಡೆದಳು. ಹಾಗೇ ಕೆಳಗೆ ಬಂದರು.

ಪಂಪ್ ರೂಮಿನ ಬಾಗಿಲು ತೆಗೆದ ತಕ್ಷಣ ಮೋಟರಿನ ಸದ್ದು ಮುಖಕ್ಕೆ ಬಡಿಯಿತು. ಕಂಪನಿಯವನು ಹೊಸ್ತಿಲಲ್ಲೇ ನಿಂತ. ಮೋಟರ್ ನೋಡಿದ, ಒದ್ದೆ ನೆಲ ನೋಡಿದ, ತನ್ನ ಶೂ ನೋಡಿಕೊಂಡ. ಸಾಕು ಎಂದು ಕೈಯಾಡಿಸಿದ. ಗುಮಾಸ್ತ ಬಾಗಿಲೆಳೆದು ಚಿಲಕ ಹಾಕಿ ಬರೆದ: ಖಾಲಿ. ನೀರಮ್ಮ ಬತ್ತಿ ಹಿಡಿದಳು. ಬಿಸಿ ಮೇಣ ಬೆರಳ ಮೇಲೆ ಬಿತ್ತು. ಬತ್ತಿ ಸರಿಸಲಿಲ್ಲ. ತನ್ನ ಅತ್ತೆಯ ಬಾಗಿಲಿಗೆ ಅರಗು ಕರಗಿಸಲು ತಾನೇ ಬೆಂಕಿ ಕೊಟ್ಟಳು.

ಲಿಫ್ಟ್ ನಿಲ್ಲಿಸಿದ್ದರು. ಬೀದಿಯ ಅಂಗಡಿಯಿಂದ ಟೀ ತಂದು ಮೂರು ಮಹಡಿ ಹತ್ತುವುದು ನೀರಮ್ಮನ ಪಾಲಿಗೆ ಬಂತು. ಒಂದು ಸಲ ಟೀ. ಒಂದು ಸಲ ಸಕ್ಕರೆ ಕಡಿಮೆ ಎಂದು ಬೇರೆ ಟೀ. ಒಂದು ಸಲ ನೀರಿನ ಬಾಟಲಿ. ಮೊಣಕಾಲ ಚಿಪ್ಪು ಕಳಚಿ ಬಿದ್ದಂತೆ ಆಗುತ್ತಿತ್ತು. ಪ್ರತಿ ಸಲ ಮೇಲೆ ಹೋಗುವಾಗಲೂ ಪಂಪ್ ರೂಮಿನ ಬಾಗಿಲಿಗೆ ಕಿವಿ ಇಟ್ಟಳು. ಮೋಟರ್ ಬಿಟ್ಟು ಬೇರೇನೂ ಕೇಳಲಿಲ್ಲ. ಒಳಗಿದ್ದವಳ ಬಾಯಿ ಮುಚ್ಚಿಸಲು ಹಾಕಿದ ಸದ್ದು, ಹೊರಗಿದ್ದವಳ ಕಿವಿಯನ್ನೂ ಮುಚ್ಚಿತ್ತು.

ಲೋಟ ಇಡುವಾಗ ಕಂಪನಿಯವನು ಅವಳತ್ತ ತಲೆಯೆತ್ತಿದ. "ಇವರು ಯಾರು? ಇಲ್ಲಿ ಇರೋರಾ?"

"ಅಯ್ಯೋ ಇಲ್ಲ ಸಾರ್," ಸೆಂಟಪ್ಪ ಹಲ್ಲು ಕಿರಿದ. "ಕ್ಲೀನಿಂಗಿಗೆ ಅಂತ ಹೊರಗಿನಿಂದ ಕರೆಸಿದ್ದು."

ನೀರಮ್ಮನ ಕೈಯಲ್ಲಿ ತಟ್ಟೆ ಒಂದು ಗಳಿಗೆ ನಿಂತಿತು. ಅದೇ ಮಾತು. ಅದೇ ದನಿ. ಸತ್ತವನಿಗೆ ಹೊದಿಸಿದ್ದನ್ನೇ ಇಂದು ಬದುಕಿದವಳಿಗೆ ಹೊದಿಸಿದ್ದ. ಅವಳು ತಟ್ಟೆ ಇಟ್ಟು ಹೊರಗೆ ಬಂದಳು.

ಒಂದು ಗಂಟೆ ಯಾವಾಗಲೋ ಕಳೆದಿತ್ತು. ಒಳಗೆ ಕ್ಲೋಸಿಂಗ್ ಮುಗಿಯುವ ಲಕ್ಷಣವಿರಲಿಲ್ಲ. ಎರಡನೇ ಮಹಡಿಯ ಗೋಡೆಯಲ್ಲಿ ತೇವ ಕಂಡಿತೆಂದು ಕಂಪನಿಯವನು ಬೆಲೆ ಇಳಿಸಲು ಕೂತಿದ್ದ. ತೇವ ಎಲ್ಲ ಗೋಡೆಯಲ್ಲೂ ಇರುತ್ತದೆ ಎಂದು ಸಾಹುಕಾರ. ಇಬ್ಬರೂ ಒಪ್ಪುವವರೆಗೆ ಹಣ ಬಿಡಲಾರೆ ಎಂದು ವಕೀಲೆ. ಮೂವರಿಗೂ ಆತುರವಿರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಟೀ ಬರುತ್ತಿತ್ತು.

ಸೆಂಟಪ್ಪ ಸಿಗರೇಟಿಗೆ ಹೊರಗೆ ಬಂದಾಗ ನೀರಮ್ಮ ಅಡ್ಡ ನಿಂತಳು.

"ಸಾರ್, ಬಾಗಿಲು ತೆಗೆಸಿ ಸಾರ್. ಒಳಗೆ ಕಿಟಕಿ ಇಲ್ಲ. ಮೋಟರ್ ಕಾದಿರುತ್ತೆ."

"ಇನ್ನೇನು ಆಯ್ತು."

"ಆಗ್ಲೂ ಅದೇ ಅಂದ್ರಿ."

"ಒಂದು ಮುದುಕಿ ಸ್ವಲ್ಪ ಹೊತ್ತು ಬೆವರಿದ್ರೆ ಕರಗಿ ಹೋಗ್ತಾಳಾ? ಈ ಸೀಲ್ ಒಡೆದ್ರೆ ನನ್ನ ಕಮಿಷನ್ ಯಾರು ಕೊಡ್ತಾರೆ, ನಿಮ್ಮಪ್ಪ ಕೊಡ್ತಾನಾ? ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ, ಹೋಗು."

ಗುಮಾಸ್ತನನ್ನು ಕೇಳಿದಳು. ಅವನು ಚೀಲವನ್ನು ಮೆಟ್ಟಿಲ ಕಟಕಟೆಗೆ ನೇತುಹಾಕಿ, ಎಲ್ಲರಿಗೂ ಊಟ ತರಲು ಹೊರಟಿದ್ದ. "ನನ್ನ ಕೈಲೇನಿದೆಯಮ್ಮ? ಎರಡೂ ಕಡೆಯವರು ಬಾಗಿಲ ಮುಂದೆ ನಿಂತ್ರೆ ಮಾತ್ರ ಒಡೀತೀನಿ. ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ," ಎಂದು ಬೆನ್ನು ಹಿಡಿದುಕೊಂಡು ಇಳಿದುಹೋದ. ಒಳಗೆ ಯಾರಿದ್ದಾರೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಳಿದರೆ ಮನೆ ಹೋಗುತ್ತದೆ ಎಂಬ ಹೆದರಿಕೆ ಆಗಲೂ ಇತ್ತು.

ಆಗ ಮೋಟರಿನ ಸದ್ದು ಬದಲಾಯಿತು.

ತುಂಬಿದ ಸದ್ದು ಹೋಗಿ ಕೀರಲು ಸದ್ದು ಬಂತು. ಅಂದರೆ ಸಂಪಿನಲ್ಲಿ ನೀರು ತೀರಿದೆ, ಮೋಟರ್ ಬರಿದೇ ಓಡುತ್ತಿದೆ. ಬರಿದೇ ಓಡಿದರೆ ಕಾಯುತ್ತದೆ, ಕಾದರೆ ಒಳಗಿನ ತಂತಿ ಸುಟ್ಟು ಹೊಗೆಯಾಗುತ್ತದೆ. ಹೊಗೆ. ಮುಚ್ಚಿದ ಕೋಣೆ. ಸಂಪಿನೊಳಗೆ ಬ್ರಷ್ ಹಿಡಿದು ಮಲಗಿದ್ದ ಗಂಡ ಕಣ್ಣ ಮುಂದೆ ಬಂದ. ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದಳು.

ಅವಳು ಇಳಿದ ರಭಸ ನೋಡಿ ಸೆಂಟಪ್ಪನೂ ಹಿಂದೆಯೇ ಓಡಿಬಂದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಬಾಗಿಲ ಸಂದಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಅವನ ಸೆಂಟಿನ ವಾಸನೆಯನ್ನೂ ಮೀರಿ ಬರುತ್ತಿತ್ತು.

"ಸೀಲ್ ಮುಟ್ಟಿದ್ರೆ ಕೈ ಮುರೀತೀನಿ."

ಮೂಲೆಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ರಾಡು ಇತ್ತು. ದಿನಾ ಬೆಳಿಗ್ಗೆ ಅವಳು ಹಿಡಿಯುವ ರಾಡು. ಅಂಗೈಯಲ್ಲಿ ಅದರದ್ದೇ ಗಂಟು ಬಿದ್ದಿತ್ತು. ಅದನ್ನೆತ್ತಿದಳು.

"ಸರಿ," ಅಂದಳು.

ಅವಳ ಮುಖ ನೋಡಿ ಸೆಂಟಪ್ಪ ಹಾವು ತುಳಿದವನಂತೆ ಪಕ್ಕಕ್ಕೆ ಹಾರಿದ. ಮೊದಲ ಏಟಿಗೆ ಅರಗು ಚೂರಾಯಿತು. ಎರಡನೆಯದಕ್ಕೆ ಪಟ್ಟಿ ಹರಿಯಿತು. ಚಿಲಕ ಎಳೆದು ಒಳಗೆ ನುಗ್ಗಿ ಸ್ಟಾರ್ಟರ್ ಆರಿಸಿದಳು. ಸದ್ದು ನಿಂತಿತು. ಹೊಗೆ ಕಣ್ಣಿಗೆ ಚುಚ್ಚಿತು.

ಅತ್ತೆ ಮಂಚದ ಮೇಲಿರಲಿಲ್ಲ. ನೆಲದಲ್ಲಿ, ಸ್ಟಾರ್ಟರಿನ ಕೆಳಗೆ ಬಿದ್ದಿದ್ದಳು. ಮುರಿದ ಸೊಂಟವನ್ನು ಎಳೆದುಕೊಂಡು, ತಗಡಿನ ಹಾಳೆ ದಾಟಿ, ಅಲ್ಲಿಯವರೆಗೆ ತೆವಳಿ ಬಂದಿದ್ದಳು. ಸ್ಟಾರ್ಟರಿನ ಹಿಡಿ ನಿಂತವರಿಗೆ ಮಾತ್ರ ಎಟುಕುವ ಎತ್ತರದಲ್ಲಿತ್ತು. ಕೈಯಲ್ಲಿ ಸ್ಟೀಲಿನ ಲೋಟ. ಅದರಿಂದ ಬಾಗಿಲು ಬಡಿದು ಬಡಿದು ಲೋಟ ನಜ್ಜುಗುಜ್ಜಾಗಿತ್ತು. ಮೊಣಕೈ ತರಚಿ ರಕ್ತ. ಬಟ್ಟೆಯಲ್ಲೇ ಉಚ್ಚೆ ಹೋಗಿತ್ತು. ಕಣ್ಣು ಬಿಟ್ಟು ಸೊಸೆಯನ್ನು ನೋಡಿದಳು.

"ಆಯ್ತೇನೇ ನಿನ್ನ ಒಂದು ಗಂಟೆ?"

ನೀರಮ್ಮ ಅವಳ ಪಕ್ಕ ಕುಸಿದು ಕೂತು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟಳು.

ಸೆಂಟಪ್ಪ ಹೊಸ್ತಿಲಲ್ಲಿ ನಿಂತು ಪಿಸುಗುಟ್ಟಿದ. "ಏನಾಗಿಲ್ವಲ್ಲ, ಜೀವ ಇದೆಯಲ್ಲ? ಈಗ್ಲೂ ಕೆಟ್ಟಿಲ್ಲ. ಮಲಗ್ಸಿ ಬಾಗಿಲು ಎಳ್ಕೊಂಡು ಬಾ. ಗುಮಾಸ್ತನಿಗೆ ಏನಾದ್ರೂ ಕೊಟ್ಟು ಇನ್ನೊಂದು ಸೀಲ್ ಹಾಕಿಸ್ತೀನಿ. ಮೇಲಿರೋರಿಗೆ ಗೊತ್ತಾಗಲ್ಲ."

ನೀರಮ್ಮ ಮುಖ ಒರೆಸಿಕೊಂಡಳು. ಎದ್ದಳು. ಸೊಂಟಕ್ಕೆ ಬಟ್ಟೆ ಬಿಗಿದಳು. ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು, ರಾಡನ್ನು ಊರುಗೋಲು ಮಾಡಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಅತ್ತೆಯ ಒದ್ದೆ ಬಟ್ಟೆ ಅವಳ ಬೆನ್ನನ್ನು ತೋಯಿಸುತ್ತಿತ್ತು. ಹಿಂದೆ ಹೀಗೆ ಹೊತ್ತಿದ್ದು ಬಚ್ಚಿಡಲು. ಈ ಸಲ ತೋರಿಸಲು. ಭಾರ ಅಷ್ಟೇ ಇತ್ತು, ನಡುವೆ ಮಾತ್ರ ಎಲ್ಲೂ ನಿಲ್ಲಲಿಲ್ಲ. ಸೆಂಟಪ್ಪ ಹಿಂದಿನಿಂದ ಬೇಡಿದ, ಬೈದ, ಮತ್ತೆ ಬೇಡಿದ. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹಾಲಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಯಾರೂ ಏಳಲಿಲ್ಲ. ನೀರಮ್ಮ ಅತ್ತೆಯನ್ನು ಮೇಜಿನ ಮೇಲೆ ಕೂರಿಸಿದಳು. ಕಾಗದಗಳ ಮೇಲೆ, ಕೀಲಿಕೈ ಗೊಂಚಲಿನ ಪಕ್ಕ.

ಒದ್ದೆ ಮೆಲ್ಲಗೆ ಹರಡಿತು. ವಕೀಲೆ ಕಾಗದ ಎಳೆದುಕೊಳ್ಳಲು ನೋಡಿದಳು, ಬರಲಿಲ್ಲ. ಅತ್ತೆ ಕದಲಲಿಲ್ಲ. ಗದ್ದುಗೆ ಏರಿದವಳಂತೆ ಸುತ್ತ ಕಣ್ಣಾಡಿಸಿದಳು.

"ಫ್ಯಾನ್ ಚೆನ್ನಾಗಿದೆ ಕಣೇ ಇಲ್ಲಿ," ಅಂದಳು.

"ಯಾರಿದು?" ಕಂಪನಿಯವನು ಕುರ್ಚಿ ಹಿಂದಕ್ಕೆ ಸರಿಸಿದ.

"ನೀವು ಖಾಲಿ ಅಂತ ಬರೆಸಿದ ರೂಮಲ್ಲಿ ಇದ್ದೋರು," ನೀರಮ್ಮ ಹೇಳಿದಳು. "ನನ್ನ ಅತ್ತೆ. ನಾನು ಹೊರಗಿನೋಳಲ್ಲ. ಮದುವೆ ಆದಾಗಿಂದ ಅಲ್ಲೇ ಇದೀನಿ. ನನ್ನ ಗಂಡ ಈ ಕಟ್ಟಡದ ಸಂಪಲ್ಲೇ ಸತ್ತ. ಇವತ್ತು ಇವರೂ ಸಾಯೋರು. ನೀವು ಟೀ ಕುಡೀತಾ ಇದ್ರಿ."

ಹೇಳಿ ಮುಗಿಸಿ ಅವರ ಮುಖಗಳನ್ನು ನೋಡಿದಳು. ಯಾರಾದರೂ ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದಳು. ಒಬ್ಬರಾದರೂ ಅಯ್ಯೋ ಅನ್ನುತ್ತಾರೆ ಎಂದುಕೊಂಡಿದ್ದಳು. ಅವಳ ಜೀವಮಾನದ ದೊಡ್ಡ ತಪ್ಪು ತಿಳುವಳಿಕೆ ಅದು.

ಕಂಪನಿಯವನ ಮುಖ ಅರಳಿತು. "ಅಂದ್ರೆ ಜನ ಇರೋ ಕಟ್ಟಡ ಇದು," ಅಂದ ಸಾಹುಕಾರನ ಕಡೆ ತಿರುಗಿ. "ಹಾಗಾದ್ರೆ ಬೆಲೆ ಬೇರೆ."

"ಒಬ್ಳು ಮುದುಕಿ ರೀ! ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ. ಅದಕ್ಕೆ ಎಷ್ಟು ಅಂತ ಇಳಿಸ್ತೀರಿ?"

"ಸೊಸೆ ಗಟ್ಟಿಮುಟ್ಟಾಗಿದಾಳಲ್ಲ. ಕೋರ್ಟಿಗೆ ಹೋದ್ರೆ? ಮುಂದಿನ ತಿಂಗಳು ನಾವು ಕಟ್ಟಡ ಬೀಳಿಸೋರು. ಮೊದ್ಲು ಒಡೆಯೋದೇ ಕೆಳಗಿನ ಆ ಪಂಪ್ ರೂಮು. ಅಷ್ಟರಲ್ಲಿ ಇವ್ರನ್ನ ಎಬ್ಬಿಸೋ ಖರ್ಚು ಯಾರದ್ದು?"

ಬೀಳಿಸೋರು. ನೀರಮ್ಮ ಸೆಂಟಪ್ಪನನ್ನು ನೋಡಿದಳು. ಅವನು ಮೊಬೈಲಿನಲ್ಲಿ ಏನನ್ನೋ ತೀವ್ರವಾಗಿ ಓದತೊಡಗಿದ್ದ. ಮೊದ್ಲಿನ ಹಾಗೇ ಇರ್ತೀಯ ಎಂದಿದ್ದವನು. ನನ್ನ ಮಾತು ಎಂದಿದ್ದವನು.

ಅವರು ಚೌಕಾಸಿಗೆ ಬಿದ್ದರು. ಅತ್ತೆಗೆ ಇಷ್ಟು ಕಡಿತ, ಸೊಸೆಗೆ ಇಷ್ಟು. ಸಂತೆಯಲ್ಲಿ ಮುದಿ ಹಸುವಿನ ಹಲ್ಲು ನೋಡಿ ಬೆಲೆ ಕಟ್ಟುವವರಂತೆ ಒಬ್ಬ ಏರಿಸಿದ, ಒಬ್ಬ ಇಳಿಸಿದ. ಬೆಳಗಿನಿಂದ ಒಪ್ಪದವರು ಇವರಿಬ್ಬರನ್ನು ನಡುವೆ ಇಟ್ಟುಕೊಂಡು ಚಿಟಿಕೆ ಹೊಡೆಯುವಷ್ಟರಲ್ಲಿ ಒಪ್ಪಿಕೊಂಡರು. ತೇವದ ಗೋಡೆಯನ್ನೂ ಅದರಲ್ಲೇ ಸೇರಿಸಿ ಕೈ ಕುಲುಕಿದರು.

ವಕೀಲೆ ಮೃದುವಾಗಿ ಹೇಳಿದಳು. "ನೋಡಮ್ಮ, ಇವರನ್ನ ಗೇಟಿನ ಆಚೆ ಕರ್ಕೊಂಡು ಹೋಗು. ಆ ರೂಮಿಗೆ ಹೊಸದಾಗಿ ಸೀಲ್ ಹಾಕಿಸ್ಬಿಡೋಣ. ಹತ್ತು ನಿಮಿಷದ ಕೆಲಸ."

"ಕೇಳಿಸ್ತಾ?" ಸೆಂಟಪ್ಪನಿಗೆ ಜೀವ ಬಂದಿತ್ತು. "ಎತ್ಕೋ. ಗೇಟಿನ ಆಚೆ. ನಡಿ."

ನೀರಮ್ಮ ಅತ್ತೆಯನ್ನು ಮೇಜಿನಿಂದ ಬೆನ್ನಿಗೆ ಹಾಕಿಕೊಂಡಳು. ಹೊರಗೆ ಬಂದಳು. ಒಳಗೆ ಯಾರೋ ಕಿಟಕಿ ತೆರೆಯಿರಿ, ವಾಸನೆ ಎಂದರು.

ಅತ್ತೆಯನ್ನು ಮೆಟ್ಟಿಲ ಮೇಲೆ ಗೋಡೆಗೆ ಒರಗಿಸಿ ಕೂರಿಸಿದಳು. ತಿರುಗಿ ಬಂದು ಹಾಲಿನ ಬಾಗಿಲು ಎಳೆದಳು. ಚಿಲಕ ಹಾಕಿದಳು. ಚಿಲಕದ ಬಳೆಯಲ್ಲಿ ವಾಲ್ವಿನ ರಾಡು ತೂರಿಸಿದಳು. ಕಟಕಟೆಯಲ್ಲಿ ಗುಮಾಸ್ತನ ಚೀಲ ನೇತಾಡುತ್ತಿತ್ತು. ಪಟ್ಟಿ ತೆಗೆದು ಬಾಗಿಲಿಗೂ ಚೌಕಟ್ಟಿಗೂ ಅಡ್ಡ ಎಳೆದಳು. ಬತ್ತಿ ಹಚ್ಚಿ ಅತ್ತೆಯ ಕೈಗೆ ಕೊಟ್ಟಳು.

"ಹಿಡ್ಕೊಳ್ಳಿ ಅತ್ತೆ. ಅಲ್ಲಾಡಿಸ್ಬೇಡಿ."

ಅತ್ತೆಯ ಕೈ ಅಲ್ಲಾಡಲಿಲ್ಲ. ಅರಗು ಕರಗಿ ಜ್ವಾಲೆಯ ಬಳಿ ಗುಳ್ಳೆಯೆದ್ದಿತು. ತೊಟ್ಟಿಕ್ಕಿಸಿ, ಹಿತ್ತಾಳೆಯ ಮೊಹರನ್ನು ಎರಡೂ ಕೈಯಿಂದ ಒತ್ತಿದಳು. ಬೆಳಗಿನಿಂದ ನೋಡಿದ್ದೇ ಸಾಕಾಗಿತ್ತು. ಗುಮಾಸ್ತನದಕ್ಕಿಂತ ಸ್ವಲ್ಪ ಓರೆಯಾಗಿ ಬಿತ್ತು, ಅಷ್ಟೇ.

ಒಳಗೆ ಯಾರೋ ಬಾಗಿಲು ಎಳೆದರು. ಮತ್ತೆ ಎಳೆದರು. ಆಮೇಲೆ ಬಡಿಯತೊಡಗಿದರು.

"ಏ ನೀರಮ್ಮ! ಏನೇ ಇದು? ತೆಗಿಯೇ ಬಾಗಿಲು!" ಸೆಂಟಪ್ಪನ ದನಿ.

ನೀರಮ್ಮ ಬಾಗಿಲ ಸಂದಿಗೆ ಬಾಯಿ ಇಟ್ಟಳು. ಇಷ್ಟು ವರ್ಷ ಸಾರ್ ಎಂದು ಕರೆದ ಬಾಯಿ ಅದು.

"ಒಂದೇ ಗಂಟೆ ಕಣೋ. ಸುಮ್ನೆ ಕೂತ್ಕೋ. ಕೆಮ್ಮಬೇಡ."

ಒಳಗೆ ಗದ್ದಲವೋ ಗದ್ದಲ. ಪೊಲೀಸರಿಗೆ ಫೋನ್ ಮಾಡಿ ಎಂದು ಸಾಹುಕಾರ. ಬಾಗಿಲು ಒಡೆಯಿರಿ ಎಂದು ಸೆಂಟಪ್ಪ. ಹೊರಗೆ ಸೀಲ್ ಬಿದ್ದಿದ್ದರೆ ಒಡೆಯಕೂಡದು, ಒಡೆದರೆ ವ್ಯಾಪಾರ ಮುರಿದಂತೆ ಎಂದು ಕಂಪನಿಯವನು. ವಕೀಲೆ ಎಲ್ಲರನ್ನೂ ಸುಮ್ಮನಿರಿ ಎಂದು ಕಿರುಚುತ್ತಿದ್ದಳು. ಪೊಲೀಸರು ಬರುತ್ತಾರೆ. ಅದು ನೀರಮ್ಮನಿಗೂ ಗೊತ್ತಿತ್ತು. ಬರಲಿ. ಈ ಸಲ ಅವಳು ಯಾರು ಎಂದು ಹೇಳಲು ಸೆಂಟಪ್ಪ ಗೇಟಿನಲ್ಲಿ ನಿಂತಿರುವುದಿಲ್ಲ. ಅವಳೇ ಹೇಳುತ್ತಾಳೆ.

ಕೆಳಗಿನಿಂದ ಗುಮಾಸ್ತ ಊಟದ ಪೊಟ್ಟಣಗಳನ್ನು ಹಿಡಿದು ಏದುಸಿರು ಬಿಡುತ್ತ ಹತ್ತಿಬಂದ. ಜೇಬಿನಲ್ಲಿ ಅವನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎರಡೂ ಕೈಯಲ್ಲಿ ಪೊಟ್ಟಣ, ತೆಗೆಯಲಾಗಿರಲಿಲ್ಲ. ಬಾಗಿಲ ಮುಂದೆ ನಿಂತ. ಪಟ್ಟಿ ನೋಡಿದ, ಮೊಹರು ನೋಡಿದ. ಅದು ತನ್ನದೇ. ಒಳಗಿನ ಬಡಿತಕ್ಕೆ ಬಾಗಿಲು ಅದುರುತ್ತಿತ್ತು. ಪೊಟ್ಟಣ ಹಿಡಿದ ಕೈಯನ್ನೇ ಚಾಚಿದ. ಮತ್ತೆ ಹಿಂದಕ್ಕೆಳೆದುಕೊಂಡ.

"ಎರಡೂ ಕಡೆಯವರು ಬಾಗಿಲ ಮುಂದೆ ಇರ್ಬೇಕಲ್ಲ..." ಎಂದು ತನಗೆ ತಾನೇ ಗೊಣಗಿದ.

ಅತ್ತೆ ಮೆಟ್ಟಿಲ ಮೇಲಿಂದಲೇ ಕೈ ನೀಡಿ ಅವನ ಕೈಯ ಒಂದು ಪೊಟ್ಟಣ ಎಳೆದುಕೊಂಡಳು. ಬೆಳಗಿನಿಂದ ಹಸಿದಿದ್ದಳು. ದಾರ ಬಿಚ್ಚಿ ತಿನ್ನತೊಡಗಿದಳು. ಗುಮಾಸ್ತ ಅವಳ ರಕ್ತ ಒಸರುವ ಮೊಣಕೈ ನೋಡಿದ, ಒದ್ದೆ ಬಟ್ಟೆ ನೋಡಿದ, ನೀರಮ್ಮನ ಮುಖ ನೋಡಿದ.

"ಒಳಗೆ ಯಾರಮ್ಮ ಇರೋದು?"

ನೀರಮ್ಮ ಬಾಗಿಲ ಮೇಲಿನ ಸೀಮೆಸುಣ್ಣದ ಎರಡು ಅಕ್ಷರಕ್ಕೆ ಬೆರಳು ತೋರಿಸಿದಳು.

"ಯಾರೂ ಇಲ್ಲ ಸಾರ್. ನೀವೇ ಬರ್ದಿದ್ದೀರಲ್ಲ. ಖಾಲಿ."